ಕಸ ಸುಡಲು ಪರ್ಮಿಷನ್ ಎಲ್ಲಿ ಕೊಡ್ತಾರೆ?

ಊರು–ಕೇರಿ: ಓದುಗರ ಪ್ರಶ್ನೆಗಳಿಗೆ ನಿವೃತ್ತ ಹೆಲ್ತ್ ಇನ್ಸ್‌ಪೆಕ್ಟರ್ ಉತ್ತರ

ಸಂಕ್ರಾಂತಿ ಕಳೆದು ಎಲೆ ಉದುರುವ ಕಾಲ ಬಂತು ಅಂದರೆ ಈ ಅಂಕಣಕ್ಕೆ ಹೊಗೆಯ ಕಾಗದಗಳೇ ಜಾಸ್ತಿ. ಈ ಸಲವೂ ಹಾಗೇ ಆಗಿದೆ. ಚರಂಡಿ, ಬೀದಿನಾಯಿ, ಖಾತೆ ಬದಲಾವಣೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಬೆಂಕಿಯದ್ದನ್ನು ಮಾತ್ರ ತೆಗೆದುಕೊಂಡಿದ್ದೇನೆ. ಕೆಲವು ಕಾಗದಗಳನ್ನು ಚಿಕ್ಕದು ಮಾಡಿದ್ದೇನೆ. ಬೈಗುಳ ಇದ್ದ ಕಡೆ ಅದನ್ನೂ ತೆಗೆದಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಮನೆ ಹಿತ್ತಲಲ್ಲಿ ಎರಡು ಮಾವು, ಒಂದು ಹೊಂಗೆ, ನಾಲ್ಕು ತೆಂಗು ಇವೆ. ದಿನಾ ಒಂದು ಮಂಕರಿ ಎಲೆ ಬೀಳುತ್ತದೆ. ಕಳೆದ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅದೂ ಸಣ್ಣ ಊರೇ. ಅಳಿಯಂದಿರು ಅಲ್ಲಿನ ಅಗ್ನಿಶಾಮಕ ಠಾಣೆಯಿಂದ ಪರ್ಮಿಟ್ ತೆಗೆದುಕೊಂಡು ಹಿತ್ತಲಲ್ಲಿ ರಾಜಾರೋಷವಾಗಿ ಬೆಂಕಿ ಹಾಕಿದರು. ನಮ್ಮಲ್ಲಿ ಆ ಪರ್ಮಿಟ್ ಯಾರು ಕೊಡುತ್ತಾರೆ? ಕೇಳಿದವರೆಲ್ಲಾ ನಗುತ್ತಾರೆ.
– ಪಾಂಡವಪುರದ ಓದುಗರು

ಉತ್ತರ: ನಗುವವರು ಉತ್ತರ ಹೇಳಿ ನಗಬೇಕಿತ್ತು ಮೇಷ್ಟ್ರೇ. ನಮ್ಮಲ್ಲಿ ಕಸ ಸುಡಲು ಪರ್ಮಿಟ್ ಅನ್ನುವುದೇ ಇಲ್ಲ. ಅರ್ಜಿ ನಮೂನೆ ಇಲ್ಲ, ಶುಲ್ಕ ಇಲ್ಲ, ಸಹಿ ಹಾಕುವ ಅಧಿಕಾರಿಯೂ ಇಲ್ಲ. ಪುರಸಭೆ ಮುಖ್ಯಾಧಿಕಾರಿ ಕೊಡುವಂತಿಲ್ಲ, ಜಿಲ್ಲಾಧಿಕಾರಿಯೂ ಕೊಡುವಂತಿಲ್ಲ. ನಾನು ಕೆಲಸದಲ್ಲಿದ್ದಾಗ 'ಮೆಂಬರಿಗೆ ಹೇಳಿದ್ದೀನಿ ಸಾರ್' ಅನ್ನುವವರು ಬಹಳ ಜನ ಸಿಗುತ್ತಿದ್ದರು. ಮೆಂಬರು ಹೂಂ ಅಂದರೂ ಅದು ಪರ್ಮಿಷನ್ ಆಗುವುದಿಲ್ಲ.

ಇದರ ಹಿಂದೆ ಇರುವುದು ಎರಡು ವಿಷಯ. ಒಂದು, 2016ರಲ್ಲಿ ಕೇಂದ್ರ ಸರ್ಕಾರ ತಂದ ಘನತ್ಯಾಜ್ಯ ನಿರ್ವಹಣಾ ನಿಯಮ. ಕಸವನ್ನು ಬೀದಿಯಲ್ಲಿ, ತನ್ನ ಆವರಣದ ಆಚೆಯ ಬಯಲಲ್ಲಿ, ಚರಂಡಿಯಲ್ಲಿ, ಕೆರೆಕಟ್ಟೆಯಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು ಎಂದು ಅದು ಹೇಳಿತು. 'ಆವರಣದ ಆಚೆ' ಅಂತ ಇದೆಯಲ್ಲ, ನನ್ನ ಕಾಂಪೌಂಡಿನ ಒಳಗೆ ನಾನು ಏನು ಬೇಕಾದರೂ ಸುಡುತ್ತೇನೆ ಎಂದು ವಾದ ಮಾಡುವವರು ಆಗಲೂ ಇದ್ದರು. ಅದೇ ವರ್ಷ ಡಿಸೆಂಬರ್ 22ಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಬಾಗಿಲನ್ನೂ ಮುಚ್ಚಿತು. ಬೆಂಗಳೂರಿನಲ್ಲಿರುವ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಕಸದ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಮೊಕದ್ದಮೆ ಮುಂದೆ ನ್ಯಾಯಮಂಡಳಿಗೆ ಬಂದು, ಕೊನೆಗೆ ಈ ಆದೇಶ ಆಯಿತು. ಯಾವ ಜಾಗದಲ್ಲೂ, ಕಸ ಸುರಿಯುವ ಯಾರ್ಡಿನಲ್ಲೂ ಕೂಡ, ಕಸಕ್ಕೆ ಬಯಲಲ್ಲಿ ಬೆಂಕಿ ಇಡುವಂತಿಲ್ಲ. ಸಣ್ಣದಾಗಿ ಸುಟ್ಟರೆ ಸಲಕ್ಕೆ 5,000 ರೂಪಾಯಿ, ರಾಶಿ ಹಾಕಿ ಸುಟ್ಟರೆ 25,000 ರೂಪಾಯಿ ಪರಿಹಾರ ಕಟ್ಟಬೇಕು. ಇದರ ಮೇಲೆ ಪುರಸಭೆಗಳು ತಮ್ಮ ತಮ್ಮ ಉಪವಿಧಿಯಲ್ಲಿ ಸ್ಥಳದಲ್ಲೇ ಹಾಕುವ ದಂಡವನ್ನೂ ಇಟ್ಟುಕೊಂಡಿರುತ್ತವೆ. ಅದು ಊರಿಂದ ಊರಿಗೆ ಬೇರೆ.

ಇನ್ನು ನಿಮ್ಮ ಅಳಿಯಂದಿರ ಪರ್ಮಿಟ್ಟು. ಮ್ಯಾಸಚೂಸೆಟ್ಸ್‌ನಲ್ಲಿ ಅದು ನಿಜವಾಗಲೂ ಇದೆ. ಜನವರಿ 15ರಿಂದ ಮೇ 1ರವರೆಗೆ ಮಾತ್ರ. ಬೆಳಗ್ಗೆ 10ರಿಂದ ಸಂಜೆ 4ರ ಒಳಗೆ. ಮನೆಗಳಿಂದ 75 ಅಡಿ ದೂರ ಇರಬೇಕು. ಬಾಸ್ಟನ್ನಿನಂಥ ದೊಡ್ಡ ಊರುಗಳಲ್ಲಿ ಅದೂ ಇಲ್ಲ. ಈಗ ಮುಖ್ಯವಾದದ್ದು ಕೇಳಿ. ಆ ಪರ್ಮಿಟ್ಟಿನಲ್ಲಿ ಸುಡಬಹುದಾದದ್ದು ಕಡಿದ ರೆಂಬೆ, ಪೊದೆಯಂಥವು. ಎಲೆ, ಹುಲ್ಲು, ಮರದ ಬೊಡ್ಡೆ ಸುಡುವಂತಿಲ್ಲ. ನೀವು ಸುಡಬೇಕೆಂದಿರುವ ಮಾವಿನೆಲೆಗೆ ಅಲ್ಲೂ ಪರ್ಮಿಟ್ ಸಿಗುತ್ತಿರಲಿಲ್ಲ! ಬೇಕಿದ್ದರೆ ಅಳಿಯಂದಿರನ್ನೇ ಕೇಳಿ ನೋಡಿ. ಮೇಲಾಗಿ, ನಮ್ಮ ಅರವತ್ತು–ನಲವತ್ತರ ಸೈಟಿನಲ್ಲಿ ಎಲ್ಲಿ ನಿಂತರೆ ಪಕ್ಕದ ಮನೆ 75 ಅಡಿ ದೂರ ಆಗುತ್ತೆ?

ಹಾಗಾದರೆ ಎಲೆಗೆ ಏನು ಮಾಡುವುದು? ತೋಟದ ಕಸವನ್ನು ಬೇರೆಯಾಗಿ ನಿಮ್ಮ ಆವರಣದಲ್ಲೇ ಇಟ್ಟುಕೊಂಡು ಪುರಸಭೆ ಹೇಳಿದಂತೆ ವಿಲೇವಾರಿ ಮಾಡಬೇಕು ಅಂತ ಅದೇ 2016ರ ನಿಯಮದಲ್ಲಿತ್ತು. ನಿಮಗೆ ಹಿತ್ತಲು ಇರುವುದರಿಂದ ಪುರಸಭೆಯ ಗೊಡವೆಯೇ ಬೇಡ. ಕೋಳಿಗೂಡಿಗೆ ಬಳಸುವ ತಂತಿ ಜಾಲರಿ ತನ್ನಿ. ಮೂರು ಅಡಿ ಅಗಲಕ್ಕೆ ದುಂಡಗೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿ. ಒಂದು ಪದರ ಒಣ ಎಲೆ, ಅದರ ಮೇಲೆ ಅಡುಗೆಮನೆಯ ಸಿಪ್ಪೆ, ಮೇಲೊಂದಿಷ್ಟು ಸಗಣಿ ಬಗ್ಗಡ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಹೊಂಗೆ ಎಲೆ ಬೇಗ ಕೊಳೆಯುತ್ತದೆ. ಮಾವಿನೆಲೆ ಮೊಂಡು, ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಅದನ್ನು ತುಳಿದು ಪುಡಿ ಮಾಡಿ ಹಾಕಿ. ತೆಂಗಿನ ಗರಿಯನ್ನು ಜಾಲರಿಗೆ ಹಾಕಲೇಬೇಡಿ. ಎರಡು ಮೂರು ತುಂಡು ಮಾಡಿ ತೆಂಗಿನ ಪಾತಿಗೇ ಹಾಸಿ. ಬೇಸಿಗೆಯಲ್ಲಿ ಪಾತಿಯ ತೇವ ಉಳಿಯುತ್ತದೆ, ಕಳೆಯೂ ಕಡಿಮೆ. ನಮ್ಮ ಹಿರಿಯರು ತಿಪ್ಪೆಗುಂಡಿಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಸೈಟು ಬಂದ ಮೇಲೆ ತಿಪ್ಪೆ ಹೋಯಿತು, ಬೆಂಕಿಪೊಟ್ಟಣ ಬಂತು.

ಪ್ರಶ್ನೆ: ಪಕ್ಕದ ಮನೆಯವರು ದಿನಾ ಬೆಳಗ್ಗೆ ಆರೂವರೆಗೆಲ್ಲಾ ಕಾಂಪೌಂಡ್ ಮೂಲೆಯಲ್ಲಿ ಕಸಕ್ಕೆ ಬೆಂಕಿ ಇಡುತ್ತಾರೆ. ಎಲೆ ಅಲ್ಲ ಸಾರ್, ಪ್ಲಾಸ್ಟಿಕ್ ಕವರು, ಹಾಲಿನ ಪ್ಯಾಕೆಟ್ಟು, ಇನ್ನೂ ಏನೇನೋ. ನಮ್ಮತ್ತೆಗೆ ಉಬ್ಬಸ ಇದೆ. ಕಿಟಕಿ ತೆಗೆಯುವಂತಿಲ್ಲ. ಹೇಳಿದರೆ ಜಗಳ ಆಗುತ್ತೆ ಅಂತ ಭಯ. ಅವರ ಮನೆ, ನಮ್ಮ ಮನೆ ಹಬ್ಬಕ್ಕೆ ಎಡೆ ಹಂಚಿಕೊಳ್ಳುವಷ್ಟು ಹತ್ತಿರ. ಏನು ಮಾಡಲಿ?
– ಗೃಹಿಣಿ, ಮಳವಳ್ಳಿ

ಉತ್ತರ: ಮೊದಲು ನಿಮ್ಮತ್ತೆಯವರ ವಿಷಯ. ಚಳಿಗಾಲದ ಬೆಳಗ್ಗೆ ಗಾಳಿ ತಣ್ಣಗೆ ನೆಲಕ್ಕೆ ಒತ್ತಿಕೊಂಡಿರುತ್ತದೆ. ಹೊಗೆ ಮೇಲೆ ಹೋಗದೆ ಕಿಟಕಿಯ ಎತ್ತರದಲ್ಲೇ ಹರಡುತ್ತದೆ. ಆ ಹೊತ್ತಿನಲ್ಲಿ ಅವರನ್ನು ಬೆಂಕಿ ಇಡುವ ಕಡೆಯ ಕೋಣೆಯಲ್ಲಿ ಮಲಗಿಸಬೇಡಿ. ಪ್ಲಾಸ್ಟಿಕ್ಕಿನಲ್ಲೂ ಪಿವಿಸಿ ಅನ್ನುವ ಜಾತಿ ಇದೆ. ಪೈಪು, ವೈರಿನ ಹೊದಿಕೆ, ರೆಕ್ಸಿನ್ ಇವೆಲ್ಲಾ ಅದೇ. ಅದು ಇಂಥ ಸಣ್ಣ ಬೆಂಕಿಯಲ್ಲಿ ಅರೆಬರೆ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯನ್ನು ಗಿಡಕ್ಕೆ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಈಗ ಪಕ್ಕದ ಮನೆ. ದೂರು ಬರೆಯುವುದಕ್ಕೆ ಮುಂಚೆ ಅವರು ಯಾಕೆ ಸುಡುತ್ತಾರೆ ಅಂತ ತಿಳಿದುಕೊಳ್ಳಿ. ಕೆಲಸದಲ್ಲಿದ್ದಷ್ಟು ಕಾಲ ನಾನು ಕಂಡದ್ದು ಎರಡೇ ಕಾರಣ. ಒಂದು, ಕಸದ ಟಿಪ್ಪರ್ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇದೇ ಕಥೆ. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಟ್ಟಿನ ಪ್ಯಾಡು, ಮಗುವಿನ ಡೈಪರು, ಹಾಸಿಗೆ ಹಿಡಿದ ಹಿರಿಯರ ಡೈಪರು. ಇವನ್ನು ಟಿಪ್ಪರಿನ ಹುಡುಗನ ಕೈಗೆ ಕೊಡಲು ನಾಚಿಕೆ. ಬೀದಿಯವರು ನೋಡುತ್ತಾರೆ ಅಂತ ಮುಜುಗರ. ಅದಕ್ಕೇ ಎಲ್ಲರೂ ಏಳುವ ಮೊದಲೇ ಬೆಂಕಿ. ನಿಮ್ಮ ಕಾಗದದಲ್ಲಿ 'ಇನ್ನೂ ಏನೇನೋ' ಅಂದಿದ್ದೀರಲ್ಲ, ನನಗೆ ಅದರ ಮೇಲೇ ಅನುಮಾನ.

ಹಾಗಿದ್ದರೆ ಇದು ಹೆಂಗಸರು ಹೆಂಗಸರೇ ಕೂತು ಮಾತಾಡಿದರೆ ಬಗೆಹರಿಯುವ ವಿಷಯ. ಪ್ಯಾಡು, ಡೈಪರನ್ನು ಹಳೇ ಪೇಪರಿನಲ್ಲಿ ಗಟ್ಟಿಯಾಗಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ಒಂದು ಗುರುತು ಹಾಕಿ, ಬೇರೆಯಾಗಿ ಕೊಟ್ಟರೆ ಸಾಕು. ಪೌರಕಾರ್ಮಿಕರಿಗೆ ಅದು ಅರ್ಥವಾಗುತ್ತದೆ. ಬಿಚ್ಚಿ ನೋಡುವುದಿಲ್ಲ. ಬೆರೆಸಿ ಕೊಟ್ಟಾಗಲೇ ಅವರು ಬರಿಗೈಯಲ್ಲಿ ಬಿಚ್ಚಬೇಕಾಗುವುದು. ಟಿಪ್ಪರ್ ಸಮಯದ್ದೇ ತೊಂದರೆ ಆದರೆ, ಅವರ ಒಣ ಕಸದ ಚೀಲವನ್ನು ನೀವೇ ಇಸಕೊಂಡು ಕೊಡುತ್ತೇವೆ ಅನ್ನಿ. ಒಣ ಕಸ ದಿನಾ ಕೊಡಬೇಕಾದದ್ದೂ ಅಲ್ಲ, ವಾರಕ್ಕೊಮ್ಮೆ ಆದರೂ ನಡೆಯುತ್ತೆ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಇಟ್ಟರೆ ಗುಜರಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ.

ಇಷ್ಟಕ್ಕೂ ಬಗ್ಗದಿದ್ದರೆ ಕಾಗದಕ್ಕೆ ಇಳಿಯಿರಿ. ಬಾಯಿಮಾತಿನ ದೂರು ಆಫೀಸಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತುಹೋಗಿರುತ್ತದೆ, ಇದು ಒಳಗಿದ್ದವನ ಮಾತು. ಮುಖ್ಯಾಧಿಕಾರಿಯ ಹೆಸರಿಗೆ ಅರ್ಧ ಪುಟ ಸಾಕು. ಯಾವ ದಿನ, ಎಷ್ಟು ಹೊತ್ತಿಗೆ, ಏನು ಸುಟ್ಟರು, ಮನೆಯಲ್ಲಿ ಉಬ್ಬಸದವರು ಇದ್ದಾರೆ, ಇಷ್ಟು ಬರೆಯಿರಿ. ಬೆಂಕಿಯ ಫೋಟೋ ಇರಲಿ. ಪಕ್ಕದ ಮನೆಯವರ ಮುಖದ ಫೋಟೋ ಬೇಡ, ಅದರಿಂದ ಬೇರೆ ಜಗಳ ಶುರುವಾಗುತ್ತೆ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಮೊಬೈಲಿನಲ್ಲಾದರೆ ಜನಹಿತ ಆ್ಯಪ್ ಇದೆ. 1902ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು.

ಅದರಾಚೆಗೆ ಪೊಲೀಸು, ಕೋರ್ಟು ಇದೆ. ಭಾರತೀಯ ನ್ಯಾಯ ಸಂಹಿತೆಯ 280ನೇ ಕಲಂ, ಅಕ್ಕಪಕ್ಕದವರ ಆರೋಗ್ಯಕ್ಕೆ ಕೇಡಾಗುವಂತೆ ಗಾಳಿ ಕೆಡಿಸಿದರೆ 1,000 ರೂಪಾಯಿವರೆಗೆ ದಂಡ. ಪದೇಪದೇ ನಡೆಯುವ ಉಪದ್ರವ ನಿಲ್ಲಿಸಲು ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ, ಉಪವಿಭಾಗಾಧಿಕಾರಿ ಆದೇಶ ಮಾಡಬಹುದು. ಇದ್ದಿದ್ದು ಇದೆ ಅಂತ ಹೇಳುತ್ತಿದ್ದೇನೆ. ಎಡೆ ಹಂಚಿಕೊಳ್ಳುವ ಮನೆಯ ಮೇಲೆ ಅಲ್ಲಿಯವರೆಗೆ ಹೋಗುವುದು ನನಗೆ ಇಷ್ಟವಿಲ್ಲ.

ಪ್ರಶ್ನೆ: ಜನಕ್ಕೆ ದಂಡ ಹಾಕುತ್ತಾರೆ. ಆದರೆ ನಮ್ಮ ಬೀದಿಯಲ್ಲಿ ಕಸ ಗುಡಿಸುವವರೇ ಎಲೆ ಗುಡ್ಡೆ ಮಾಡಿ ಕಡ್ಡಿ ಗೀರುತ್ತಾರೆ. ಇದು ಯಾವ ನ್ಯಾಯ?
– ಮೈಸೂರಿನ ಓದುಗರು

ಉತ್ತರ: ನ್ಯಾಯ ಅಲ್ಲ. ಬೀದಿ ಗುಡಿಸುವವರು ಎಲೆ ಸುಡದಂತೆ ನೋಡಿಕೊಳ್ಳಬೇಕು, ಎಲೆಯನ್ನು ಬೇರೆಯಾಗಿ ಕೂಡಿಟ್ಟು ಗಾಡಿಗೆ ಕೊಡಿಸಬೇಕು ಎಂದು 2016ರ ನಿಯಮ ಪಾಲಿಕೆ, ಪುರಸಭೆಗಳಿಗೇ ನೇರವಾಗಿ ಹೇಳಿತು. ಆದರೆ ಬೀದಿ ಗುಡಿಸುವ ಹೆಂಗಸಿನ ಮೇಲೆ ರೇಗಬೇಡಿ. ಅವಳು ಗುಡಿಸಿ ಗುಡ್ಡೆ ಹಾಕಿರುತ್ತಾಳೆ. ಎಲೆ ಎತ್ತುವ ಗಾಡಿ ಬಂದಿರುವುದಿಲ್ಲ. ಗಾಳಿಗೆ ಮತ್ತೆ ಹರಡಿದರೆ ಮೇಸ್ತ್ರಿ ಬಂದು ಅವಳನ್ನೇ ಬಯ್ಯುತ್ತಾನೆ. ಟಿಪ್ಪರಿನವರು ಎಲೆ ತೆಗೆದುಕೊಳ್ಳಲು ಒಪ್ಪುವುದಿಲ್ಲ, ಎಲೆಯಲ್ಲಿ ತೂಕ ಇಲ್ಲ, ಜಾಗ ಮಾತ್ರ ತುಂಬುತ್ತೆ. ಬೇಕಾದದ್ದು ಎಲೆ ಕಾಲದಲ್ಲಿ ವಾರಕ್ಕೆ ಎರಡು ಸಲ ಬೇರೆ ಗಾಡಿ. ನಿಮ್ಮ ವಾರ್ಡಿನ ಹೆಲ್ತ್ ಇನ್ಸ್‌ಪೆಕ್ಟರಿಗೆ ಅದನ್ನೇ ಕೇಳಿ ಬರೆಯಿರಿ. ಬೀದಿಯವರು ಹತ್ತು ಜನ ಸಹಿ ಹಾಕಿ. ಮೈಸೂರು 2015, 2016ರಲ್ಲಿ ದೇಶಕ್ಕೇ ಸ್ವಚ್ಛ ನಗರ ಅನ್ನಿಸಿಕೊಂಡ ಊರು. ಕುಂಬಾರಕೊಪ್ಪಲಿನಲ್ಲಿ ಕಸ ಬೇರ್ಪಡಿಸಿ ಗೊಬ್ಬರ ಮಾಡುವ ಘಟಕವನ್ನು ನೋಡಲು ಬೇರೆ ಊರುಗಳಿಂದ ಜನ ಬಂದಿದ್ದಾರೆ. ಆ ಊರಲ್ಲಿ ಎಲೆ ಎತ್ತಲು ಒಂದು ಗಾಡಿ ಕೇಳುವುದು ದೊಡ್ಡ ಬೇಡಿಕೆ ಏನಲ್ಲ.

ಪ್ರಶ್ನೆ: ನಮ್ಮದು ಮದ್ದೂರು ಕಡೆ. ಎರಡು ಎಕರೆ ಕಬ್ಬು. ಕಟಾವಾದ ಮೇಲೆ ತರಗಿಗೆ ಬೆಂಕಿ ಕೊಡದಿದ್ದರೆ ಕೂಳೆಗೆ ನೀರು ಹಾಯಿಸುವುದೇ ಕಷ್ಟ. ಈಗ ತರಗು ಸುಟ್ಟರೆ ಐದು ಸಾವಿರ, ಹತ್ತು ಸಾವಿರ ದಂಡ ಅಂತ ಟೀವಿಯಲ್ಲಿ ಹೇಳಿದರು. ಜಮೀನಿನಲ್ಲಿ ಬೆಂಕಿ ಹಾಕುವುದಕ್ಕೂ ಪರ್ಮಿಷನ್ ತಗೋಬೇಕಾ?
– ರೈತರು

ಉತ್ತರ: ಟೀವಿಯವರು ಹೇಳಿದ್ದು ದಿಲ್ಲಿ ಸುತ್ತಮುತ್ತ ಭತ್ತ, ಗೋಧಿಯ ಕೂಳೆ ಸುಡುವವರಿಗೆ. 2024ರ ನವೆಂಬರಿನಲ್ಲಿ ಅಲ್ಲಿನ ದಂಡವನ್ನು ದುಪ್ಪಟ್ಟು ಮಾಡಿದರು. ಎರಡು ಎಕರೆ ಒಳಗಿದ್ದರೆ 5,000, ಐದು ಎಕರೆವರೆಗೆ 10,000, ಮೇಲ್ಪಟ್ಟರೆ 30,000 ರೂಪಾಯಿ. ಅದು ಮದ್ದೂರಿಗೆ ಅನ್ವಯಿಸುವ ಲೆಕ್ಕ ಅಲ್ಲ. ಪರ್ಮಿಷನ್ ಕೊಡುವ ಆಫೀಸೂ ಇಲ್ಲ. ಹಾಗಂತ ಕೇಳುವವರೇ ಇಲ್ಲ ಅಂದುಕೊಳ್ಳಬೇಡಿ. ನೀವು ಇಟ್ಟ ಬೆಂಕಿ ಬದು ದಾಟಿ ಪಕ್ಕದವರ ನಿಂತ ಕಬ್ಬಿಗೆ ಹೋದರೆ ಅಜಾಗರೂಕತೆಯಿಂದ ಬೆಂಕಿ ಬಳಸಿದ್ದಕ್ಕೆ ನ್ಯಾಯ ಸಂಹಿತೆ 287ನೇ ಕಲಂ ಇದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅದರ ಜೊತೆಗೆ ಪಕ್ಕದವರ ಬೆಳೆ ನಷ್ಟ ತುಂಬಿಕೊಡಬೇಕಾದೀತು. ಮಧ್ಯಾಹ್ನದ ಬಿಸಿಲಲ್ಲಿ, ಗಾಳಿ ತಿರುಗಿದರೆ, ಒಣ ತರಗಿನ ಬೆಂಕಿಯನ್ನು ನಾಲ್ಕು ಜನ ಸೊಪ್ಪು ಹಿಡಿದು ಬಡಿದರೆ ನಿಲ್ಲುವುದಿಲ್ಲ. ಡ್ರಿಪ್ ಪೈಪು, ಬೋರಿನ ಕೇಬಲ್ಲು, ಬದುವಿನ ತೆಂಗು, ಹೋದಾಗಲೇ ಲೆಕ್ಕ ಗೊತ್ತಾಗುವುದು. ರಸ್ತೆ ಪಕ್ಕದ ಜಮೀನಾದರೆ ಇನ್ನೂ ಅಪಾಯ. ಹೊಗೆ ಅಡ್ಡ ಬಂದು ಬೈಕಿನವನು ಬಿದ್ದರೆ ಅದೂ ನಿಮ್ಮ ತಲೆಗೆ.

ನಾನು ಕಸದವನು, ಕೃಷಿ ಹೇಳಿಕೊಡುವಷ್ಟು ದೊಡ್ಡವನಲ್ಲ. ಆದರೂ ನಮ್ಮ ಮನೆಯಲ್ಲೂ ಕಬ್ಬು ಇತ್ತು, ಸ್ವಲ್ಪ ಗೊತ್ತು. ಒಂದು ಎಕರೆ ಕಬ್ಬು ಕಡಿದರೆ ಮೂರು, ನಾಲ್ಕು ಟನ್ ತರಗು ಉಳಿಯುತ್ತದೆ. ಅದನ್ನು ಸುಟ್ಟರೆ ಅದರಲ್ಲಿದ್ದ ಸಾರಜನಕ ಹೆಚ್ಚು ಕಮ್ಮಿ ಪೂರ್ತಿ ಗಾಳಿಗೆ. ಮೇಲ್ಮಣ್ಣಿನ ಜೀವವೂ ಬೇಯುತ್ತದೆ. ಆಮೇಲೆ ಅದೇ ಸಾರಜನಕವನ್ನು ಯೂರಿಯಾ ಮೂಟೆಯಲ್ಲಿ ಕೊಂಡು ತರುತ್ತೇವೆ. ನೀರು ಹಾಯಿಸುವ ನಿಮ್ಮ ತೊಂದರೆ ನಿಜವಾದದ್ದೇ. ಅದಕ್ಕೆ ಇರುವ ದಾರಿ ಸಾಲು ಬಿಟ್ಟು ಸಾಲಿಗೆ ತರಗು ಹಾಸುವುದು. ಒಂದು ಸಾಲಿನಲ್ಲಿ ತರಗು, ಪಕ್ಕದ ಸಾಲಿನಲ್ಲಿ ನೀರು. ತರಗಿನ ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್ ಎರಚಿ, ಕೊಳೆಸುವ ಸೂಕ್ಷ್ಮಜೀವಿಯ ಪುಡಿಯನ್ನು ಸಗಣಿ ಬಗ್ಗಡದಲ್ಲಿ ಕಲಸಿ ಚೆಲ್ಲಿದರೆ ಬೇಗ ಕರಗುತ್ತದೆ. ಎಷ್ಟೆಷ್ಟು ಹಾಕಬೇಕು ಅನ್ನುವುದನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಿ ಕೇಳಿ. ಕಬ್ಬಿನ ವಿಷಯಕ್ಕೆ ಅದಕ್ಕಿಂತ ಹತ್ತಿರದ, ಹಳೆಯ ಜಾಗ ನಮಗಿಲ್ಲ. ತರಗನ್ನು ಪುಡಿ ಮಾಡುವ, ಟ್ರ್ಯಾಕ್ಟರಿಗೆ ಕಟ್ಟುವ ಯಂತ್ರವೂ ಇದೆ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ. ಕಟಾವಿನ ಕಾಲದಲ್ಲಿ ಎಲ್ಲರಿಗೂ ಒಟ್ಟಿಗೆ ಬೇಕಾಗುವ ಯಂತ್ರ, ಮೊದಲೇ ಹೇಳಿಟ್ಟುಕೊಳ್ಳಿ.

ಇನ್ನು ಆಳು ಸಿಗುವುದಿಲ್ಲ ಅಂತ ನಿಂತ ಕಬ್ಬಿಗೇ ಬೆಂಕಿ ಕೊಟ್ಟು ಕಡಿಸುವವರು ಇದ್ದಾರೆ. ಸುಟ್ಟ ಕಬ್ಬು ಬೇಗ ಒಣಗುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಕಾರ್ಖಾನೆ ಗೇಟಿನಲ್ಲಿ ಲಾರಿ ಎರಡು ದಿನ ನಿಂತರೆ ತೂಕದಲ್ಲೇ ಹೊಡೆತ. ಕಡಿಯುವ ಕೂಲಿಯಲ್ಲಿ ಉಳಿದದ್ದು ಅಲ್ಲಿ ಹೋಗುತ್ತದೆ.

ಪ್ರಶ್ನೆ: ನಾವು ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಊರಿನ ಹುಡುಗರು. ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತೇವೆ. ಯುಗಾದಿ ಆದಮೇಲೆ ಅಮ್ಮನ ಹಬ್ಬಕ್ಕೆ ಕೆಂಡ ಹಾಯುವ ಕೊಂಡ ಇದೆ. ಮುಂದಿನ ವರ್ಷದಿಂದ ಇದಕ್ಕೂ ಲೈಸೆನ್ಸ್ ಬೇಕು ಅಂತ ಯಾರೋ ಹೆದರಿಸಿದ್ದಾರೆ. ನಿಜವೇ?

ಉತ್ತರ: ಹೆದರಬೇಡಿ. ಕಿಚ್ಚಿಗೆ ಹಾಕುವ ಭತ್ತದ ಹುಲ್ಲು, ಕೊಂಡದ ಸೌದೆ ಇವು ಕಸ ಅಲ್ಲ. ಕಸ ಸುಡುವ ನಿಷೇಧ ಇದಕ್ಕೆ ತಗುಲುವುದಿಲ್ಲ. ಮೈಸೂರು–ಬೆಂಗಳೂರು ರಸ್ತೆಯ ಸಿದ್ದಲಿಂಗಪುರದಲ್ಲಿ ಕಿಚ್ಚು ನೋಡಲು ಸಂಕ್ರಾಂತಿ ಸಂಜೆ ಎಷ್ಟು ಜನ ಸೇರುತ್ತಾರೆ ಅಂತ ನಿಮಗೇ ಗೊತ್ತಲ್ಲ. ಆದರೆ ಹುಲ್ಲಿನ ನಡುವೆ ಹಳೇ ಟೈರು, ಥರ್ಮಕೋಲು ತುರುಕಿದರೆ ಅದು ಕಸ ಸುಟ್ಟಂತೆಯೇ. ಜ್ವಾಲೆ ದೊಡ್ಡದು ಬರಲಿ ಅಂತ ಟೈರ್ ಹಾಕುವ ಚಾಳಿ ಇತ್ತೀಚೆಗೆ ಶುರುವಾಗಿದೆ. ಆ ಹೊಗೆಯೊಳಗೆ ಹಾಯುವುದು ಬಾಯಿ ಇಲ್ಲದ ದನ, ಹಗ್ಗ ಹಿಡಿದು ಓಡುವವರು ನೀವೇ.

ಲೈಸೆನ್ಸ್ ಅಲ್ಲ, ತಿಳಿಸುವ ಕೆಲಸ ಇದೆ. ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮ, ಅದಕ್ಕೆಂದೇ ಲೈಸೆನ್ಸ್ ಇಲ್ಲದ ಜಾಗದಲ್ಲಿ ನಡೆದರೆ, ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು ಎಂದು 2016ರ ನಿಯಮ ಹೇಳಿತು. ಅದು ಹಬ್ಬದ ಕಸ ಬೇರ್ಪಡಿಸಿ ಕೊಡುವ ಸಲುವಾಗಿ ಬಂದದ್ದು. ಹಳ್ಳಿಯಲ್ಲಿ ಪಿಡಿಒಗೆ ಒಂದು ಕಾಗದ ಸಾಕು. ಪೊಲೀಸ್ ಠಾಣೆಗೆ ಇನ್ನೊಂದು. ಕೊಂಡಕ್ಕಾದರೆ ಅಗ್ನಿಶಾಮಕ ಠಾಣೆಗೂ ಒಂದು ಕೊಡಿ, ಗಾಡಿ ನಿಲ್ಲಿಸುವುದಕ್ಕೆ ಏನು ಕ್ರಮ ಅಂತ ಅವರೇ ಹೇಳುತ್ತಾರೆ. ಕೊಂಡದ ಹಳ್ಳದಿಂದ ಜನ ನಿಲ್ಲುವ ಕಡೆಗೆ ಗಟ್ಟಿ ಬೊಂಬು ಕಟ್ಟಿ. ಹಿಂದಿನಿಂದ ನೂಕುನುಗ್ಗಲು ಆದಾಗ ಮುಂದಿನವರು ಕೆಂಡಕ್ಕೆ ಬೀಳುತ್ತಾರೆ. ಒಂದು ಟ್ಯಾಂಕರ್ ನೀರು, ಒಂದಿಷ್ಟು ಮರಳು ಪಕ್ಕದಲ್ಲೇ ಇರಲಿ. ಮೇಲೆ ಕರೆಂಟ್ ತಂತಿ ಹಾದಿದೆಯಾ ಹಗಲಲ್ಲೇ ನೋಡಿಕೊಳ್ಳಿ.

ಸೌದೆಯ ಬಗ್ಗೆ ಒಂದು ಮಾತು. ಮನೆಮನೆಯಿಂದ ಹರಕೆಯಾಗಿ ಬಂದ ಸೌದೆಯನ್ನು ಗಾಡಿಯಲ್ಲಿ ಮೆರವಣಿಗೆ ಮಾಡಿಕೊಂಡು ತರುವುದು ನಮ್ಮ ಕಡೆಯ ಚೆಂದದ ಪದ್ಧತಿ. ಅಷ್ಟು ಸಾಕಾಗಲಿಲ್ಲ ಅಂತ ರಸ್ತೆ ಬದಿಯ ಮರಕ್ಕೆ ಕೊಡಲಿ ಹಾಕಬೇಡಿ. ಅದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಅಲ್ಲಿ ಮಾತ್ರ ಪರ್ಮಿಷನ್ ನಿಜವಾಗಿಯೂ ಬೇಕು, ಅರಣ್ಯ ಇಲಾಖೆಯಿಂದ.

ಪ್ರಶ್ನೆ: ಊರಾಚೆ ತೋಟವೊಂದರಲ್ಲಿ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುತ್ತಾರೆ. ರಾತ್ರಿ ಎಲ್ಲಾ ಹೊಗೆ. ಕೇಳಿದರೆ 'ಪಂಚಾಯ್ತಿ ಲೈಸೆನ್ಸ್ ಇದೆ' ಅಂತಾರೆ.
– ನಾಗಮಂಗಲ ಕಡೆಯ ಓದುಗರು

ಉತ್ತರ: ಪಂಚಾಯ್ತಿ ಲೈಸೆನ್ಸ್ ಒಂದೇ ಸಾಲದು. ಇದು ಹಿತ್ತಲ ಬೆಂಕಿ ಅಲ್ಲ, ಉದ್ಯಮ. 1981ರ ವಾಯುಮಾಲಿನ್ಯ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಘಟಕ ಹಾಕುವ ಮೊದಲು ಒಂದು, ಕೆಲಸ ಶುರು ಮಾಡುವ ಮೊದಲು ಇನ್ನೊಂದು. 'ಮಂಡಳಿಯ ಸಮ್ಮತಿ ಪತ್ರ ತೋರಿಸಿ' ಅಂತ ಕೇಳಿ. ತೋರಿಸದಿದ್ದರೆ ಮಂಡಳಿಯ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ ಬರೆಯಿರಿ, ತಹಶೀಲ್ದಾರರಿಗೆ ಒಂದು ಪ್ರತಿ ಹಾಕಿ. ಸರ್ವೆ ನಂಬರ್ ಬರೆಯುವುದನ್ನು ಮರೆಯಬೇಡಿ. 'ಊರಾಚೆ ತೋಟ' ಅಂತ ಬರೆದ ದೂರು ಹಿಡಿದುಕೊಂಡು ಬರುವ ಅಧಿಕಾರಿ ತೋಟ ಹುಡುಕಿ ಹುಡುಕಿ ವಾಪಸ್ ಹೋಗುತ್ತಾರೆ.

ಪ್ರಶ್ನೆ: ಸಂಜೆ ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ ಹಾಕುವುದೂ ತಪ್ಪಾ?

ಉತ್ತರ: ಕೊಟ್ಟಿಗೆಯಲ್ಲಿ ದನಕ್ಕೆ ಒಂದು ಹಿಡಿ ಸೊಪ್ಪಿನ ಹೊಗೆ ಹಾಕಿದ್ದಕ್ಕೆ ಯಾರೂ ದಂಡ ಹಾಕಿದ್ದನ್ನು ನಾನು ಕಂಡಿಲ್ಲ, ನಾನೂ ಹಾಕಿಲ್ಲ. ಮನೆಯೊಳಗೆ ಮಾತ್ರ ಬೇಡ, ಅದರಲ್ಲೂ ಮಕ್ಕಳು ಇರುವ ಮನೆಯಲ್ಲಿ. ಡೆಂಗಿ ತರುವ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ. ಸಂಜೆ ಕತ್ತಲಾದ ಮೇಲಿನ ಹೊಗೆಯಿಂದ ಅದಕ್ಕೇನೂ ಆಗುವುದಿಲ್ಲ. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ ಖಾಲಿ ಮಾಡಿ ಉಜ್ಜಿ. ಹಿತ್ತಲಲ್ಲಿ ಬಿದ್ದಿರುವ ತೆಂಗಿನ ಚಿಪ್ಪು ಬೋರಲು ಹಾಕಿ.

ಪ್ರಶ್ನೆ: ಖಾಲಿ ಸೈಟಿನ ಒಣ ಹುಲ್ಲಿಗೆ ಯಾರೋ ಬೀಡಿ ಎಸೆದು ಬೆಂಕಿ ಹತ್ತಿತು. ಯಾರಿಗೆ ಫೋನ್ ಮಾಡಬೇಕು ಅಂತಲೇ ಯಾರಿಗೂ ಗೊತ್ತಾಗಲಿಲ್ಲ.

ಉತ್ತರ: 101 ಅಥವಾ 112. ಎರಡೂ ಉಚಿತ. ಫೋನ್ ಎತ್ತಿದವರಿಗೆ ಮೊದಲು ಊರು, ಬಡಾವಣೆ, ಹತ್ತಿರದ ಗುರುತು ಹೇಳಿ. ಏನು ಹತ್ತಿಕೊಂಡಿದೆ ಅನ್ನುವುದು ಆಮೇಲೆ. ಅವರೇ ಇಡುವವರೆಗೆ ನೀವು ಫೋನ್ ಇಡಬೇಡಿ. ಗಾಡಿ ಬರುವ ರಸ್ತೆಯ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ, ಅಡ್ಡ ನಿಂತಿರುವ ಕಾರುಗಳನ್ನು ತೆಗೆಸಿ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿದ್ದರೆ ನೀರು ಎರಚಲು ಹೋಗಬೇಡಿ. ಸೈಟಿನ ಒಡೆಯರು ಬೆಂಗಳೂರಿನಲ್ಲಿದ್ದರೂ ಸರಿ, ಹುಲ್ಲು ತೆಗೆಸಿ ಎಂದು ಅವರಿಗೆ ನೋಟಿಸ್ ಕೊಡುವಂತೆ ಪುರಸಭೆಗೆ ಬರೆಯಿರಿ. ಖಾತೆಯಲ್ಲಿ ಅವರ ವಿಳಾಸ ಇರುತ್ತದೆ.